ಕೈಯಲ್ಲಿ ಹಿಡಿಯೋ ಮಿನಿ ಬ್ಯಾಟ್ರಿ ಚೈನ್‌ಸಾ ತಗೋಬೋದಾ? ಗಿಡಗಸಿಗೆ, ಸೌದೆಗೆ ಆಗುತ್ತಾ?

ಮೂಡಿಗೆರೆ ರೋಬಸ್ಟಾ:

ನಮಸ್ಕಾರ ಎಲ್ರಿಗೂ. ನಮ್ದು ಮೂಡಿಗೆರೆ ಹತ್ರ ಸಣ್ಣ ತೋಟ, ಜಾಸ್ತಿ ರೋಬಸ್ಟಾ ಕಾಫಿ, ತಗ್ಗಲ್ಲಿ ಸ್ವಲ್ಪ ಅಡಿಕೆ, ಸಿಲ್ವರ್ ಓಕ್ ಮರದ ಮೇಲೆ ಮೆಣಸು ಹಬ್ಸಿದೀವಿ. ಕುಯ್ಲು ಮುಗೀತಾ ಬಂತು, ಹೂಮಳೆ (ಕಾಫಿ ಹೂ ಬಿಡಿಸೋ ಮಳೆ) ಬೀಳೋದ್ರೊಳಗೆ ಗಿಡಗಸಿ, ಅಂದ್ರೆ ಕಾಫಿ ಗಿಡ ಸವರೋದು, ಮುಗಿಸ್ಬೇಕು, ಆದ್ರೆ ಕಸಿ ಗೊತ್ತಿರೋ ಆಳು ಸಿಗೋದು ವರ್ಷದಿಂದ ವರ್ಷಕ್ಕೆ ಕಷ್ಟ ಆಗ್ತಿದೆ, ಸಿಕ್ಕಿದ್ರೂ ನಮ್ಮ ಸರದಿ ಬರೋ ಹೊತ್ತಿಗೆ ಮಳೆ ಬಂದಿರುತ್ತೆ. ಹಾಗಾಗಿ ಈ ಸಲ ನಾನೂ ತಮ್ಮನೂ ಸೇರಿ ಆದಷ್ಟು ಮಾಡ್ಕೊಳ್ಳೋಣ ಅಂತ.

ಈಗ ಫೋನ್ ತೆಗೆದ್ರೆ ಆ ಕೈಯಲ್ಲಿ ಹಿಡಿಯೋ ಮಿನಿ ಚೈನ್‌ಸಾದ್ದೇ ವಿಡಿಯೋ ಬರ್ತಿದೆ, 4 ಇಂಚು, 6 ಇಂಚು, 8 ಇಂಚು ಅಂತ, ಎರಡು ಬ್ಯಾಟ್ರಿ, ಒಂದು ಚಾರ್ಜರ್, ಎರಡು ಚೈನ್ ಎಲ್ಲಾ ಒಂದು ಪೆಟ್ಟಿಗೆಲಿ ಹಾಕಿ ಮೂರು ಸಾವಿರದ ಆಸುಪಾಸಲ್ಲಿ ಕೊಡ್ತಾರೆ. ಒಂದ್ರ ಮೇಲೆ 21 ವೋಲ್ಟ್ ಅಂತಿದೆ, ಇನ್ನೊಂದ್ರ ಮೇಲೆ 48, ಮತ್ತೊಂದ್ರಲ್ಲಿ 88 ಅಂತಿದೆ, ನೋಡೋಕೆ ಎಲ್ಲಾ ಒಂದೇ ಥರ ಇದಾವೆ. ಅದೇ ಸ್ಟಿಲ್ (Stihl) ಕಂಪನಿ ಅಂಗಡಿಗೆ ಹೋದ್ರೆ ಅಂಥದ್ದೇ ಪುಟ್ಟದೊಂದು ತೋರಿಸಿ ಮೂರ್ನಾಲ್ಕು ಪಟ್ಟು ಮೇಲೆ ರೇಟ್ ಹೇಳ್ತಾರೆ.

ನನಗೆ ಬೇಕಾಗಿರೋದು ಏನಂದ್ರೆ, ಕಾಫಿ ಗಿಡದ ದಪ್ಪ ರೆಕ್ಕೆ (ಅಡ್ಡ ಕೊಂಬೆ) ಮತ್ತೆ ಹಳೇ ಕಾಂಡ ಕಡಿಯೋಕೆ, ಬೇಲಿ ಸಾಲಿನ ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ಸವರೋಕೆ, ಹಂಡೆ ಒಲೆಗೆ ಸೌದೆ ತುಂಡು ಮಾಡೋಕೆ. ಆದ್ರೆ ಮರಗಸಿ (ನೆರಳು ಮರದ ಕೊಂಬೆ ಕಡಿಯೋ) ಟೈಮಲ್ಲೂ ಉಪಯೋಗ ಆಗ್ಲಿ ಅಂತ ಆಸೆ. ಮನೇಲಿ ಪ್ಲೈವುಡ್ ಶೆಲ್ಫ್ ಒಂದು ಮಾಡೋದಿದೆ, ಅದಕ್ಕೂ ಆಗುತ್ತಾ? ಇನ್ನೊಬ್ರು, ನಿನ್ನತ್ರ ಗ್ರೈಂಡರ್ ಇದ್ಯಲ್ಲ ಅದಕ್ಕೇ ಚೈನ್ ಬಾರ್ (ಚೈನ್ ಸುತ್ತ ಓಡೋ ಉದ್ದನೆ ಪಟ್ಟಿ) ಸಿಗಿಸೋ ಸೆಟ್ ಬರುತ್ತೆ ಸಾವಿರ ರೂಪಾಯಿ ಒಳಗೆ ಮುಗಿಯುತ್ತೆ ಅಂದ್ರು. ಉಪಯೋಗಿಸ್ತಾ ಇರೋರು ದಯವಿಟ್ಟು ಹೇಳಿ.

ಸಕಲೇಶಪುರ ಪ್ಲಾಂಟರ್:

ತಗೋಬೋದು ಸರ್, ಖಂಡಿತ ಉಪಯೋಗಕ್ಕೆ ಬರುತ್ತೆ, ಆದ್ರೆ ಯಾವ ಕೆಲ್ಸಕ್ಕೆ ಅಂತ ಮೊದ್ಲೇ ಗೆರೆ ಹಾಕ್ಕೊಂಡು ತಗೊಳ್ಳಿ. ನಮ್ಮಲ್ಲಿ 4 ಇಂಚಿಂದು ಒಂದು, 6 ಇಂಚಿಂದು ಒಂದು ಇದೆ, ಜೊತೆಗೆ ಪೆಟ್ರೋಲ್ ಸ್ಟಿಲ್ ಎಂಎಸ್ 180 ಹಳೇದಿದೆ, ಮೂರಕ್ಕೂ ಬೇರೆ ಬೇರೆ ಕೆಲ್ಸ.

4 ಇಂಚು ಅಂತ ಬರ್ದಿದ್ರೆ 4 ಇಂಚಿನ ಕೊಂಬೆ ಕಡಿಯುತ್ತೆ ಅಂತ ಅಲ್ಲ. ಬಾರ್ ಪೂರ್ತಿ ಮರದೊಳಗೆ ಮುಳುಗಿದ್ರೆ ಮೂತಿ ಆ ಕಡೆ ಏನಕ್ಕೆ ತಾಗ್ತಿದೆ ಅಂತ ಕಾಣಲ್ಲ, ಚೈನ್ ಕೂಡ ಹಿಡ್ಕೊಳ್ಳುತ್ತೆ. ಎರಡೂವರೆ ಮೂರು ಇಂಚಿನವರೆಗೂ ಆರಾಮಾಗಿ ಹೋಗುತ್ತೆ. 6 ಇಂಚಿಂದು ನಾಲ್ಕು ನಾಲ್ಕೂವರೆವರೆಗೆ. 8 ಇಂಚಿನ ಮಿನಿ ಸಾ ಮಾತ್ರ ನನ್ನ ಪ್ರಕಾರ ಬೇಡ, ಮೋಟ್ರು ಅದೇ ಸಣ್ಣದೇ ಇರುತ್ತೆ, ಬಾರ್ ಉದ್ದ ಮಾಡಿ ಕೊಟ್ಟಿರ್ತಾರೆ ಅಷ್ಟೆ, ಗಟ್ಟಿ ಮರಕ್ಕೆ ಇಟ್ರೆ ನಿಂತೋಗುತ್ತೆ.

ಕಾಫಿ ಕಾಂಡ ನಿಮಗೇ ಗೊತ್ತು ಎಷ್ಟು ಗಟ್ಟಿ ಅಂತ, ಅದ್ರಲ್ಲೂ ಹಳೇ ರೋಬಸ್ಟಾ. ಹಳೇ ಗಿಡ ಒಂದಡಿ ಎತ್ತರಕ್ಕೆ ಸ್ಟಂಪ್ ಮಾಡಿ ಚಿಗುರು ಬರ್ಸಿ ಅದಕ್ಕೆ ಸಿ×ಆರ್ ಅನ್ನೋ ಕಾಫಿ ತಳಿ ಕಸಿ ಕಟ್ಟೋ ಪ್ಲಾನ್ ಇದ್ರೆ ಈ 6 ಇಂಚಿನ ಸಾ ಅಷ್ಟು ಒಳ್ಳೆ ಸಾಮಾನು ಇನ್ನೊಂದಿಲ್ಲ. ಕತ್ತೀಲಿ ಹೊಡುದ್ರೆ ಕಾಂಡ ಸೀಳುತ್ತೆ, ಸೀಳಿದ ಕಡೆ ನೀರು ಇಳಿದು ಕೊಳೆಯುತ್ತೆ. ಗರಗಸದಲ್ಲಿ ಓರೆಯಾಗಿ ಕೊಯ್ದು, ಕೊಯ್ದ ಜಾಗಕ್ಕೆ ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣದ ಪೇಸ್ಟ್) ಬಳುದ್ರೆ ಚಿಗುರು ಚೆನ್ನಾಗಿ ಬರುತ್ತೆ. ಪೆಟ್ರೋಲ್ ಸಾ ತಗೊಂಡು ಬಗ್ಗಿ ಗಿಡದ ಬುಡದಲ್ಲಿ ಕೂತ್ಕೊಂಡು ಮಾಡೋದು ಸೊಂಟಕ್ಕೆ ಆಗಲ್ಲ, ಎಂಎಸ್ 180 ಬಾರ್ ಚೈನ್ ಬಿಟ್ಟೇ 3.9 ಕೆಜಿ ಇದೆ, ಈ ಸಣ್ಣದು ಬ್ಯಾಟ್ರಿ ಸೇರಿ ಒಂದೂವರೆ ಕೆಜಿ ಆಚೀಚೆ. ಹೊಗೆ ಇಲ್ಲ, ಹಗ್ಗ ಎಳೆಯೋದಿಲ್ಲ, ಒಂದು ಗಿಡದಿಂದ ಇನ್ನೊಂದು ಗಿಡಕ್ಕೆ ಹೋಗೋವಾಗ ಸ್ವಿಚ್ ಬಿಟ್ರೆ ನಿಂತೇ ಇರುತ್ತೆ.

ಆದ್ರೆ ಗಿಡಗಸಿ ಅಂದ್ರೆ ಬರೀ ದಪ್ಪ ಕಾಂಡ ಅಲ್ವಲ್ಲ. ಬಳಪದ ದಪ್ಪದ ರೆಕ್ಕೆ, ಅಡ್ಡ ಚಿಗುರು, ಒಣಗಿದ ಕಡ್ಡಿ, ಇದಕ್ಕೆಲ್ಲ ಚೈನ್‌ಸಾ ಇಟ್ರೆ ಕಡ್ಡಿ ಕುಣಿಯುತ್ತೆ ಹೊರತು ಕುಯ್ಯಲ್ಲ, ಸಿಪ್ಪೆ ಎಳ್ಕೊಂಡು ಬರುತ್ತೆ, ಪಕ್ಕದ ಒಳ್ಳೆ ರೆಕ್ಕೆಗೂ ತಾಗುತ್ತೆ. ಅಲ್ಲಿ ಕಸಿ ಕತ್ತರಿಯೇ ಬೇಕು. ಹಾಗಾಗಿ ಈ ಸಾ ತಗೊಂಡ್ರೆ ಕಸಿ ಕೆಲ್ಸ ಪೂರ್ತಿ ಆಗುತ್ತೆ ಅಂತ ಅನ್ಕೋಬೇಡಿ, ಕತ್ತರಿಯವ್ರು ಮುಂದೆ ಹೋಗ್ತಾರೆ, ಸಾ ಹಿಡಿದವರು ಹಿಂದೆ ದಪ್ಪದ್ದು ಮಾತ್ರ ತೆಗೀತಾ ಬರ್ತಾರೆ, ನಮ್ಮಲ್ಲಿ ಹಾಗೆ ಮಾಡ್ತೀವಿ, ಕೆಲ್ಸ ಬೇಗ ಸಾಗುತ್ತೆ.

ತುಮಕೂರು ಬ್ಯಾಟ್ರಿ ವರ್ಕ್ಸ್:

ನಾನು ತೋಟದವನಲ್ಲ, ಬ್ಯಾಟ್ರಿ ಪ್ಯಾಕ್ ರಿಪೇರಿ ಮಾಡೋನು, ಈ ಥರ ಸಾ, ಸ್ಪ್ರೇಯರ್, ಡ್ರಿಲ್ ಪ್ಯಾಕ್‌ಗಳು ದಿನಾ ಬಿಚ್ತೀನಿ, ಹಾಗಾಗಿ ವೋಲ್ಟ್ ವಿಷ್ಯ ಹೇಳ್ತೀನಿ, ದಯವಿಟ್ಟು ತಗೊಳ್ಳೋ ಮುಂಚೆ ಪೂರ್ತಿ ಓದಿ.

48, 88 ಇವೆಲ್ಲ ಸ್ಟಿಕ್ಕರ್ ಮೇಲಿನ ನಂಬರ್. ಒಳಗಡೆ ಇರೋದು 18650 ಅನ್ನೋ ಸೆಲ್, ಒಂದಕ್ಕೆ 3.6 ವೋಲ್ಟ್, ಫುಲ್ ಚಾರ್ಜ್ ಆದಾಗ 4.2. ಐದು ಸೆಲ್ ಸಾಲಾಗಿ ಜೋಡಿಸಿದ್ರೆ 18 ವೋಲ್ಟ್, ಫುಲ್ ಚಾರ್ಜಲ್ಲಿ 21. ಅಂದ್ರೆ 18 ವೋಲ್ಟ್, 20 ವೋಲ್ಟ್, 21 ವೋಲ್ಟ್ ಅಂತ ಬೇರೆ ಬೇರೆ ಕಂಪನಿ ಬರೆಯೋದೆಲ್ಲ ಒಂದೇ ಐದು ಸೆಲ್‌ನ ಲೆಕ್ಕ, ಅದ್ರಲ್ಲಿ ಮೋಸ ಇಲ್ಲ. ಆದ್ರೆ 88 ವೋಲ್ಟ್ ನಿಜವಾಗ್ಲೂ ಬೇಕಂದ್ರೆ ಇಪ್ಪತ್ತಕ್ಕಿಂತ ಜಾಸ್ತಿ ಸೆಲ್ ಬೇಕು, ಅಂಗೈಯಲ್ಲಿ ಹಿಡಿಯೋ ಆ ಪ್ಯಾಕಲ್ಲಿ ಅಷ್ಟು ಸೆಲ್ ಕೂರೋಕೆ ಜಾಗವೇ ಇಲ್ಲ. ಚಾರ್ಜರ್ ತಿರುಗಿಸಿ ನೋಡಿ, ಔಟ್‌ಪುಟ್ 21 ವೋಲ್ಟ್ ಅಂತ ಬರ್ದಿದ್ರೆ ಬ್ಯಾಟ್ರಿನೂ ಅಷ್ಟೇ. ಚಾರ್ಜರ್ ಸುಳ್ಳು ಹೇಳೋಕೆ ಆಗಲ್ಲ.

ಎಂಎಎಚ್, ಅಂದ್ರೆ ಬ್ಯಾಟ್ರಿ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಲೆಕ್ಕ, ಅದೂ ಹಾಗೇ. ಒಂದು 18650 ಸೆಲ್ ಎಷ್ಟೇ ಒಳ್ಳೇದಾದ್ರೂ 3500 ಎಂಎಎಚ್ ಆಸುಪಾಸು, ಅದೂ ಜೋರಾಗಿ ಕರೆಂಟ್ ಕೊಡೋ ಥರದ್ದು ಅಲ್ಲ. ಸಾಗೆ ಬೇಕಾದ ಥರದ ಸೆಲ್ ಸಾಮಾನ್ಯವಾಗಿ 1500ರಿಂದ 2500. ಐದೇ ಸೆಲ್ ಇರೋ ಪ್ಯಾಕ್ ಮೇಲೆ 6000 ಅಂತ ಬರ್ದಿದ್ರೆ ಅದು ಆಗದ ಮಾತು. ಕಂಡುಹಿಡಿಯೋ ಸುಲಭ ದಾರಿ, ಅಡುಗೆಮನೆ ತಕ್ಕಡೀಲಿ ಪ್ಯಾಕ್ ಮಾತ್ರ ಇಟ್ಟು ತೂಕ ನೋಡಿ. ಒಂದು ಸೆಲ್ 45ರಿಂದ 48 ಗ್ರಾಂ ಬರುತ್ತೆ. ಪ್ಯಾಕ್ 350 ಗ್ರಾಂ ಒಳಗಿದ್ರೆ ಐದು ಸೆಲ್, 600 ಗ್ರಾಂ ದಾಟಿದ್ರೆ ಹತ್ತು ಸೆಲ್, ಎರಡೆರಡು ಜೋಡಿ ಮಾಡಿರ್ತಾರೆ. ಸಾಗೆ ಹತ್ತು ಸೆಲ್‌ದೇ ತಗೊಳ್ಳಿ. ಐದು ಸೆಲ್‌ದು ಬರೀ ಬೇಗ ಮುಗಿಯೋದಲ್ಲ, ಗಟ್ಟಿ ಮರಕ್ಕೆ ಇಟ್ಟ ತಕ್ಷಣ ಎಲ್ಲಾ ಕರೆಂಟೂ ಒಂದೇ ಸಾಲಿಂದ ಎಳೆಯುತ್ತೆ, ಸೆಲ್ ಕಾಯುತ್ತೆ, ಆರು ತಿಂಗಳಲ್ಲಿ ಒಂದು ಸೆಲ್ ಬಿದ್ದೋಗುತ್ತೆ, ಒಂದು ಬಿದ್ರೆ ಪ್ಯಾಕ್ ಪೂರ್ತಿ ಸತ್ತ ಲೆಕ್ಕ. ನನ್ನತ್ರ ಬರೋದ್ರಲ್ಲಿ ಜಾಸ್ತಿ ಇದೇ ಕೇಸು.

ಎಷ್ಟು ಹೊತ್ತು ಬರುತ್ತೆ ಅಂತ ಕೇಳಿದ್ರೆ, 18 ವೋಲ್ಟ್ 2 ಆಂಪ್ ಅವರ್ ಅಂದ್ರೆ 36 ವ್ಯಾಟ್ ಅವರ್. ಸಾ ಜೋರಾಗಿ ಕುಯ್ಯೋವಾಗ 400 ವ್ಯಾಟ್ ಎಳೀತು ಅಂತಿಟ್ಕೊಳ್ಳಿ, ಬಿಡದೇ ಕುಯ್ದ್ರೆ ಐದಾರು ನಿಮಿಷ. ವಿಡಿಯೋದಲ್ಲಿ ಎರಡು ಗಂಟೆ ಅಂತಾರಲ್ಲ, ಅದು ಗಾಳೀಲಿ ಸುಮ್ನೆ ತಿರುಗಿಸಿದ್ರೆ. ಆದ್ರೆ ನಿಮ್ಮ ಕೆಲ್ಸ ಬಿಟ್ಟು ಬಿಟ್ಟು ಇರುತ್ತಲ್ಲ, ಒಂದು ಕಟ್‌ಗೆ ನಾಲ್ಕೈದು ಸೆಕೆಂಡು, ಹಾಗಾಗಿ ನಿಜವಾದ ಕೆಲ್ಸದಲ್ಲಿ ಅರ್ಧ ಗಂಟೆ ಮುಕ್ಕಾಲು ಗಂಟೆ ಓಡುತ್ತೆ.

ಇನ್ನೊಂದು, ಮೋಟ್ರು ಬ್ರಷ್‌ಲೆಸ್ ಇರ್ಲಿ. ದುಡ್ಡು ಸ್ವಲ್ಪ ಜಾಸ್ತಿ, ಆದ್ರೆ ಅದೇ ಬ್ಯಾಟ್ರೀಲಿ ಜಾಸ್ತಿ ಕುಯ್ಯುತ್ತೆ, ಕಾರ್ಬನ್ ಬ್ರಷ್ ಸವೆಯೋ ತಲೆನೋವಿಲ್ಲ. ಕುಯ್ದು ಬಿಸಿಯಾಗಿರೋ ಪ್ಯಾಕ್ ತಕ್ಷಣ ಚಾರ್ಜಿಗೆ ಹಾಕ್ಬೇಡಿ, ಅರ್ಧ ಗಂಟೆ ನೆರಳಲ್ಲಿ ಇಡಿ. ಜೀಪ್ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಲ್ಲಿ ಬಿಟ್ಟೋಗ್ಬೇಡಿ. ಮಳೆಗಾಲ ಪೂರ್ತಿ ಕೆಲ್ಸ ಇಲ್ಲ ಅಂದ್ರೆ ಅರ್ಧ ಚಾರ್ಜಲ್ಲಿ ತೆಗೆದು ಒಣಗಿರೋ ಡಬ್ಬೀಲಿ ಇಡಿ, ಪೂರ್ತಿ ಖಾಲಿ ಮಾಡಿ ನಾಲ್ಕು ತಿಂಗಳು ಇಟ್ರೆ ಆಮೇಲೆ ಚಾರ್ಜ್ ಹಿಡಿಯೋದೇ ಇಲ್ಲ.

ಮೂಡಿಗೆರೆ ರೋಬಸ್ಟಾ:

ತುಂಬಾ ಥ್ಯಾಂಕ್ಸ್ ಇಬ್ರಿಗೂ, ಆ ತೂಕದ ವಿಷ್ಯ ಯಾರೂ ಹೇಳಿರ್ಲಿಲ್ಲ. ನಮ್ಮನೇಲಿ ಮಕಿಟಾ 18 ವೋಲ್ಟ್ ಡ್ರಿಲ್ ಇದೆ, ಎರಡು ಬ್ಯಾಟ್ರಿ ಚೆನ್ನಾಗಿವೆ, ಅದೇ ಬ್ಯಾಟ್ರಿ ಹಾಕೋ ಥರದ ಸಾ ಬರುತ್ತಾ? ಮತ್ತೆ ಸಕಲೇಶಪುರದ ಸರ್, ಮರಗಸಿಗೆ ಆಗುತ್ತಾ ಅಂತ ಹೇಳ್ಲೇ ಇಲ್ಲ ನೀವು.

ತುಮಕೂರು ಬ್ಯಾಟ್ರಿ ವರ್ಕ್ಸ್:

ಬರುತ್ತೆ. ಮಕಿಟಾದವರದ್ದೇ 18 ವೋಲ್ಟಲ್ಲಿ ಸಣ್ಣ ಪ್ರೂನಿಂಗ್ ಸಾ ಇದೆ, ಬ್ಯಾಟ್ರಿ ಚಾರ್ಜರ್ ಇಲ್ದೇ ಬರೀ ಮಷಿನ್ ಮಾತ್ರ ಕೊಡ್ತಾರೆ, ನಿಮ್ಮತ್ರ ಆಗ್ಲೇ ಬ್ಯಾಟ್ರಿ ಇದ್ಯಲ್ಲ, ದುಡ್ಡು ಉಳಿಯೋ ದಾರಿ ಅದೇ. ಮಕಿಟಾ ಬ್ಯಾಟ್ರಿ ಕೂರೋ ಥರ ಮಾಡಿರೋ ಬೇರೆ ಕಂಪನಿ ಸಾಗಳೂ ಸಿಗ್ತವೆ, ಅವನ್ನ ಒರಿಜಿನಲ್ ಬ್ಯಾಟ್ರಿ ಹಾಕಿ ಓಡಿಸ್ಬೋದು, ಆದ್ರೆ ಬ್ಯಾಟ್ರಿ ತುಂಬಾ ಕೆಳಗೆ ಇಳಿದಾಗ ಮಷಿನ್ ತಾನೇ ನಿಲ್ಲುತ್ತೋ ಇಲ್ವೋ ನೋಡ್ಕೋಬೇಕು. ಸ್ಪೀಡ್ ಕಮ್ಮಿ ಆಯ್ತು ಅನ್ನಿಸಿದ ತಕ್ಷಣ ನೀವೇ ಬ್ಯಾಟ್ರಿ ತೆಗೀರಿ, ಪೂರ್ತಿ ಹಿಂಡ್ಬೇಡಿ.

ಸಕಲೇಶಪುರ ಪ್ಲಾಂಟರ್:

ಮರಗಸಿ ಬಗ್ಗೆ ಬೇರೇನೇ ಬರೀಬೇಕು ಅಂತ ಬಿಟ್ಟಿದ್ದೆ. ನೆಲದ ಮೇಲೆ ನಿಂತು ಕೈಗೆ ಸಿಗೋ ಕೊಂಬೆ ಆದ್ರೆ ಸರಿ. ಮರ ಹತ್ತಿ ಈ ಸಾ ಉಪಯೋಗಿಸೋಕೆ ದಯವಿಟ್ಟು ಯಾರನ್ನೂ ಕಳಿಸ್ಬೇಡಿ, ನೀವೂ ಹತ್ಬೇಡಿ.

ಯಾಕಂದ್ರೆ ಈ ಮಷಿನ್ ಹಗುರ ಇರೋದೇ ಮರದ ಮೇಲೆ ಅಪಾಯ. ಒಂದು ಕೈಲಿ ಕೊಂಬೆ ಹಿಡ್ಕೊಂಡು ಇನ್ನೊಂದು ಕೈಲಿ ಸಾ ಹಿಡಿಯೋಣ ಅನ್ಸುತ್ತೆ, ಎಲ್ರೂ ಹಾಗೇ ಮಾಡ್ತಾರೆ. ಚೈನ್‌ಸಾ ಮೂತಿಯ ಮೇಲ್ಭಾಗ ಇನ್ನೊಂದು ಕೊಂಬೆಗೆ ತಾಗಿದ್ರೆ ಸಾ ಸಟ್ಟಂತ ಹಿಂದಕ್ಕೆ ಮೇಲಕ್ಕೆ ಒದೆಯುತ್ತೆ. ದೊಡ್ಡ ಚೈನ್‌ಸಾದಲ್ಲಿ ಮುಂದುಗಡೆ ಚೈನ್ ಬ್ರೇಕ್ ಇರುತ್ತೆ, ಒದ್ದ ತಕ್ಷಣ ಚೈನ್ ನಿಲ್ಲುತ್ತೆ. ಈ ಸಣ್ಣ ಸಾಗಳಲ್ಲಿ ಬಹುತೇಕ ಅದು ಇರಲ್ಲ, ಮೂತಿ ಮೇಲೆ ಒಂದು ಪ್ಲಾಸ್ಟಿಕ್ ಗಾರ್ಡ್ ಇರುತ್ತೆ, ಅದನ್ನೂ ಅಡ್ಡ ಬರುತ್ತೆ ಅಂತ ಬಿಚ್ಚಿ ಇಟ್ಟಿರ್ತಾರೆ. ಕೊಂಬೆ ಹಿಡಿದಿರೋ ಎಡಗೈ ಅಲ್ಲೇ ಒಂದಡಿ ದೂರದಲ್ಲಿರುತ್ತೆ. ಮಣಿಕಟ್ಟಿನ ನರ ಕುಯ್ದೋದ್ರೆ ಬೆರಳು ಮತ್ತೆ ಮೊದಲಿನ ಥರ ಆಡೋದು ಕಷ್ಟ. ಅದಕ್ಕೆ ಮೇಲೆ ಹತ್ತೋ ಅನುಭವ ಇರೋ ಮರಗಸಿಯವ್ರು ಕತ್ತೀಲೇ ಮಾಡ್ಲಿ, ಅವರ ಕೈ ಅದಕ್ಕೆ ಪಳಗಿದೆ, ಸೊಂಟಕ್ಕೆ ಹಗ್ಗ ಕಟ್ಕೊಳ್ಳೋದು ಮಾತ್ರ ನೀವು ನಿಂತು ನೋಡಿ. ನೆರಳಿಗೆ ಬೆಳೆಸೋ ಹಾಲುವಾಣದ ಕೊಂಬೆ ಎಷ್ಟು ಮೆತ್ತಗೆ ಅಂತ ಗೊತ್ತಲ್ಲ, ಒಂದು ಒಳ್ಳೆ ಏಟಿಗೆ ಹೋಗುತ್ತೆ, ಅದಕ್ಕೆ ಮಷಿನ್ ಬೇಕಾಗೇ ಇಲ್ಲ. ಮೇಲಿಂದ ಬಿದ್ದ ಕೊಂಬೆ ಕೆಳಗೆ ತುಂಡು ಮಾಡಿ ದಾರಿ ಬಿಡ್ಸೋಕೆ, ಕಾಫಿ ಗಿಡದ ಮೇಲೆ ಮಲಗಿರೋದನ್ನ ರೆಕ್ಕೆ ಮುರೀದೇ ಬಿಡ್ಸಿ ತೆಗೆಯೋಕೆ ಈ ಸಣ್ಣ ಸಾ ತುಂಬಾ ಚೆನ್ನ.

ಉದ್ದ ಕೋಲಿಗೆ ಸಿಗಿಸೋ ಪೋಲ್ ಸಾನೂ ಬರುತ್ತೆ, ನೆಲದಲ್ಲಿ ನಿಂತೇ ಹನ್ನೆರಡು ಅಡಿವರೆಗೂ ಕೊಂಬೆ ತೆಗೀಬೋದು. ಆದ್ರೆ ಹೆಚ್ಚಿನ ಕೋಲು ಅಲ್ಯೂಮಿನಿಯಂದು, ತೋಟದ ನಡುವೆ ಲೈನ್ ಹೋಗಿದ್ರೆ ಅದರ ಹತ್ರ ಎತ್ತಲೇಬಾರ್ದು, ಮೆಸ್ಕಾಂಗೆ (ಕರೆಂಟ್ ಕಂಪನಿಗೆ) ಹೇಳಿ ಲೈನ್ ಆಫ್ ಮಾಡ್ಸಿನೇ ಕೆಲ್ಸ. ಸಿಲ್ವರ್ ಮೇಲೆ ಮೆಣಸು ಇದೆ ಅಂದ್ರಿ, ಬಳ್ಳಿ ಪಕ್ಕ ಚೈನ್ ತಿರುಗೋದು ಎಲೆ ಮರೇಲಿ ಕಾಣಲ್ಲ, ಹತ್ತು ವರ್ಷದ ಬಳ್ಳಿ ಒಂದು ಸೆಕೆಂಡಲ್ಲಿ ಹೋಗುತ್ತೆ. ಅಲ್ಲಿ ಕೈಗರಗಸ.

ಹಾಗೇ, ಕೊಂಬೆ ಬಿಟ್ಟು ಮರವನ್ನೇ ಉರುಳಿಸೋ ಕೆಲ್ಸ ಇದ್ರೆ, ಅದು ನಿಮ್ಮದೇ ಜಮೀನಿನ ಮರ ಆದ್ರೂ, 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಯಾವ ಜಾತಿಗೆ ಅನುಮತಿ ಬೇಕು ಯಾವುದಕ್ಕೆ ಬೇಡ ಅಂತ ಅರಣ್ಯ ಇಲಾಖೆ ರೇಂಜ್ ಆಫೀಸಲ್ಲಿ ಕೇಳ್ಕೊಂಡೇ ಕೈ ಹಾಕಿ.

ಶಿರಸಿ ತೋಟಿಗ:

ನಾನು ಸ್ವಲ್ಪ ಬೇರೆ ಅಭಿಪ್ರಾಯ ಹೇಳ್ತೇನೆ. ನಮ್ಮ ಕಡೆ ಅಡಿಕೆ ತೋಟ, ಜೊತೆಗೆ ಸೊಪ್ಪಿನ ಬೆಟ್ಟ (ಗೊಬ್ಬರಕ್ಕೆ ಸೊಪ್ಪು ತರೋ ಕಾಡು). ಸೊಪ್ಪು ಕಡಿಯೋಕೆ, ದರಕು (ಒಣಗಿದ ಎಲೆ) ತರೋ ದಾರಿ ಬಿಡಿಸೋಕೆ ಮಷಿನ್ ಬೇಕು ಅಂತ ನಮಗೆ ಅನ್ನಿಸಿಲ್ಲ. ಮಡಚೋ ಕೈಗರಗಸ ಬರ್ತದಲ್ಲ, ಎಳೆಯುವಾಗ ಮಾತ್ರ ಕೊಯ್ಯುವಂಥದ್ದು, ಹಲ್ಲು ಮೂರು ಕಡೆ ಚೂಪು ಮಾಡಿರ್ತಾರೆ, ಒಳ್ಳೇದು ತಗೊಂಡ್ರೆ ಎರಡಿಂಚಿನ ಹಸಿ ಕೊಂಬೆ ಹತ್ತಿಪ್ಪತ್ತು ಎಳೆತಕ್ಕೆ ಬೀಳ್ತದೆ. ಚಾರ್ಜ್ ಬೇಡ, ಎಣ್ಣೆ ಬೇಡ, ಜೇಬಲ್ಲಿ ಹಿಡಿಸ್ತದೆ, ಕೊಯ್ದ ಮುಖ ಎಷ್ಟು ನುಣ್ಣಗೆ ಇರ್ತದೆ ಅಂದ್ರೆ ಚೈನ್ ಕೊಯ್ದದ್ದಕ್ಕೂ ಅದಕ್ಕೂ ಹೋಲಿಸೋ ಹಾಗೇ ಇಲ್ಲ. ಸಣ್ಣ ತೋಟ ಅಂದ್ರಿ, ಇಬ್ರೇ ಮಾಡ್ತೀವಿ ಅಂದ್ರಿ, ಅದಕ್ಕೆ ಕೇಳ್ತಾ ಇದ್ದೇನೆ, ವರ್ಷದಲ್ಲಿ ಎಷ್ಟು ದಿನ ಹೊರಗೆ ತೆಗೀತೀರಿ ಈ ಚೈನ್‌ಸಾ? ತಿಂಗಳುಗಟ್ಟಲೆ ಮೂಲೇಲಿ ಕೂರೋ ಬ್ಯಾಟ್ರಿ ಮಷಿನ್‌ಗಿಂತ ದಿನಾ ಸೊಂಟದಲ್ಲಿ ಇರೋ ಗರಗಸವೇ ಲಾಭ.

ಮತ್ತೆ ಅಡಿಕೆ ಮರಕ್ಕೆ ಮಾತ್ರ ಈ ಸಣ್ಣ ಚೈನ್ ಹಾಕೋಕೆ ಹೋಗಬೇಡಿ. ಸತ್ತ ಮರ ಕಡಿದು ದಬ್ಬೆ (ಸೀಳಿದ ಪಟ್ಟಿ) ಮಾಡೋದಿದ್ರೆ, ಹೊರಗಿನ ಸುತ್ತು ಕಬ್ಬಿಣದ ಥರ ಗಟ್ಟಿ, ಒಳಗೆ ನಾರು. ಆ ನಾರು ಚೈನ್ ಜೊತೆ ಎಳ್ಕೊಂಡು ಹೋಗಿ ಸ್ಪ್ರಾಕೆಟ್ (ಚೈನ್ ತಿರುಗಿಸೋ ಹಲ್ಲುಚಕ್ರ) ಸುತ್ತ ಉಂಡೆಯಾಗಿ ಕೂತ್ಕೊಳ್ತದೆ, ಕವರ್ ಬಿಚ್ಚಿ ಚಾಕುವಿನಲ್ಲಿ ಕೆರೆದು ತೆಗೀಬೇಕು. ತೆಂಗಿನ ಕಾಂಡವೂ ಹಾಗೇ. ಹಲಸಿನ ಕೊಂಬೆ ಆದ್ರೆ ಮೇಣ ಅಂಟ್ತದೆ, ಸೀಮೆಎಣ್ಣೆ ಅಥವಾ ಕೊಬ್ಬರಿ ಎಣ್ಣೆ ಹಾಕಿ ಒರೆಸದೇ ಇಟ್ರೆ ಮರುದಿನ ಚೈನ್ ಅಲ್ಲಾಡೋದಿಲ್ಲ.

ಸೋಮವಾರಪೇಟೆ ಅಕ್ಕ:

ಶಿರಸಿಯವರು ಹೇಳಿದ್ದು ಕೈಗೆ ಬಲ ಇರೋರಿಗೆ ಸರಿ ಅಣ್ಣ. ನಾನು ಹೆಣ್ಣಾಳುಗಳನ್ನ ಇಟ್ಕೊಂಡು ತೋಟ ನೋಡ್ಕೊಳ್ತೀನಿ, ನನಗೇ ಮಣಿಕಟ್ಟು ನೋವು, ಕೈಗರಗಸದಲ್ಲಿ ಬೆಳಗ್ಗೆ ಶುರು ಮಾಡಿದ್ರೆ ಮಧ್ಯಾಹ್ನದ ಹೊತ್ತಿಗೆ ಭುಜ ಎತ್ತೋಕೆ ಆಗಲ್ಲ. ಬ್ಯಾಟ್ರಿ ಸಾಮಾನು ಬಂದಮೇಲೆ ಗಂಡಾಳಿಗೆ ಕಾಯೋದು ತಪ್ಪಿತು, ಇದು ಸಣ್ಣ ವಿಷ್ಯ ಅಲ್ಲ ನಮಗೆ.

ಆದ್ರೆ ಮೂಡಿಗೆರೆಯವರೇ, ನಿಮ್ಮ ಪಟ್ಟಿಲಿ ಮೊದಲ ಕೆಲ್ಸ ಗಿಡಗಸಿ ಆಗಿದ್ರೆ ಚೈನ್‌ಸಾಗಿಂತ ಮೊದಲು ಬ್ಯಾಟ್ರಿ ಕಸಿ ಕತ್ತರಿ ನೋಡಿ. ಅದೇ 18-21 ವೋಲ್ಟ್ ಪ್ಯಾಕಲ್ಲಿ ಬರುತ್ತೆ, 25 ಅಥವಾ 30 ಮಿಲಿಮೀಟರ್ ದಪ್ಪದವರೆಗೂ ಕಚಕ್ ಅಂತ ಒಂದೇ ಸಲಕ್ಕೆ ಕತ್ತರಿಸುತ್ತೆ, ಕೊಯ್ದ ಮುಖ ನುಣ್ಣಗೆ, ಗೂಟ ಬಿಡದೇ ಕಾಂಡದ ಪಕ್ಕಕ್ಕೇ ಇಟ್ಟು ತೆಗೀಬೋದು. ರೋಬಸ್ಟಾದಲ್ಲಿ ನಾವು ತೆಗೆಯೋ ರೆಕ್ಕೆ, ಚಿಗುರು ಮುಕ್ಕಾಲು ಪಾಲು ಈ ದಪ್ಪದ್ದೇ ಅಲ್ವಾ. ಅದಕ್ಕಿಂತ ದಪ್ಪ ಬಂದಾಗ ಮಾತ್ರ ಸಾ. ಕತ್ತರಿಲೂ ಬೆರಳು ಹೋಗೋ ಅಪಾಯ ಇದೆ, ರೆಕ್ಕೆ ಹಿಡ್ಕೊಳ್ಳೋ ಕೈ ಬ್ಲೇಡಿಂದ ಒಂದು ಮೊಳ ದೂರ ಇರ್ಬೇಕು ಅಂತ ನಾನು ದಿನಾ ಬೆಳಗ್ಗೆ ಹೇಳಿ ಹೇಳಿ ಕಳಿಸ್ತೀನಿ.

ಅಂಗಡಿಗೆ ಹೋದಾಗ ಒಂದು ಕೆಲ್ಸ ಮಾಡಿ, ಮಷಿನ್ ಕೈಲಿ ಹಿಡಿದು ನೋಡಿ. ಸ್ವಿಚ್ ಒತ್ತೋ ಮುಂಚೆ ಪಕ್ಕದಲ್ಲಿ ಇನ್ನೊಂದು ಲಾಕ್ ಬಟನ್ ಹೆಬ್ಬೆರಳಲ್ಲಿ ಒತ್ಬೇಕು, ಎರಡೂ ಒತ್ತಿದ್ರೆ ಮಾತ್ರ ಓಡ್ಬೇಕು. ಚಿಕ್ಕ ಕೈಗೆ ಕೆಲವು ಮಷಿನ್‌ನ ಆ ಬಟನ್ ಎಟುಕಲ್ಲ, ಆಗ ಆಳುಗಳು ಅದನ್ನ ಟೇಪ್ ಸುತ್ತಿ ಒತ್ತಿಟ್ಬಿಡ್ತಾರೆ. ಹಾಗೆ ಮಾಡಿದ ಸಾ ಚೀಲದೊಳಗೇ ಸ್ಟಾರ್ಟ್ ಆಗ್ಬೋದು. ಕೈಗೆ ಕೂರದೇ ಇದ್ರೆ ಎಷ್ಟು ಡಿಸ್ಕೌಂಟ್ ಕೊಟ್ರೂ ಬೇಡ.

ಸಬ್ಸಿಡಿ ಬಗ್ಗೆನೂ ವಿಚಾರಿಸಿ. ತೋಟಗಾರಿಕೆ ಇಲಾಖೆ, ಕೃಷಿ ಇಲಾಖೆ, ಕಾಫಿ ಬೋರ್ಡ್ ಮೂರರಲ್ಲೂ ಯಂತ್ರಕ್ಕೆ ಒಂದಲ್ಲ ಒಂದು ಯೋಜನೆ ಬರ್ತಾ ಇರುತ್ತೆ, ಈ ವರ್ಷದ ಪಟ್ಟಿಲಿ ಈ ಸಾಮಾನು ಇದ್ಯಾ ಅಂತ ಮೊದ್ಲು ಕೇಳ್ಕೊಂಡು ಆಮೇಲೆ ಬಿಲ್ ಮಾಡ್ಸಿ, ತಗೊಂಡಮೇಲೆ ಹೋದ್ರೆ ಕೊಡಲ್ಲ.

ಹುಬ್ಬಳ್ಳಿ ಬಡಿಗ್ಯಾ:

ತೋಟದ ವಿಷಯ ನನಗ ಗೊತ್ತಿಲ್ರಿ, ಆದ್ರ ಪ್ಲೈವುಡ್ಡು, ಗ್ರೈಂಡರ್ ಅಂದ್ರಲ್ಲ, ಅದಕ್ಕ ಬರಿಲಿಕ್ಕ ಬಂದೆ.

ಮೊದಲ ಗ್ರೈಂಡರ್ ಮಾತು. ಆ ಚೈನ್ ಬಾರ್ ಸೆಟ್ ಬ್ಯಾಡ್ರಿ. ಯಾರು ಹೇಳಿದ್ರೂ ಬ್ಯಾಡ. 4 ಇಂಚಿನ ಗ್ರೈಂಡರ್ ನಿಮಿಷಕ್ಕ 11-12 ಸಾವಿರ ಸುತ್ತು ತಿರಗತೈತಿ, ಅದು ಕಬ್ಬಿಣ ತಿಕ್ಕಾಕ ಮಾಡಿದ್ದು. ಅದರ ಸ್ವಿಚ್ಚು ಮುಂದಕ ಸರಿಸಿದ್ರ ಅಲ್ಲೇ ಲಾಕ್ ಆಗಿ ಕುಂದರತೈತಿ, ಕೈ ಜಾರಿ ಬಿದ್ರೂ ನೆಲದ ಮ್ಯಾಲೆ ತಿರಗತಾನ ಇರತೈತಿ. ಚೈನ್ ಬ್ರೇಕ್ ಇಲ್ಲ, ಚೈನ್ ಹರದ್ರ ಹಿಡ್ಯಾಕ ಏನೂ ಇಲ್ಲ. ಗ್ರೈಂಡರಿಗೆ ಮರದ ಹಲ್ಲಿನ ಬ್ಲೇಡ್ ಹಾಕೂದೂ ಅಷ್ಟ ಅಪಾಯ, ಹಲ್ಲು ಮರದಾಗ ಸಿಕ್ಕೊಂಡ್ರ ಮಷೀನ ಕೈಯಿಂದ ಕಿತಗೊಂಡು ತೊಡಿಗೋ ಹೊಟ್ಟಿಗೋ ಬರತೈತಿ. ನಮ್ಮ ಲೈನ್‌ನಾಗ ಬೆರಳಿಲ್ಲದ ಬಡಿಗೇರನ್ನ ಕೇಳಿ ನೋಡ್ರಿ, ಏನ್ ಹಿಡಕೊಂಡಿದ್ರಿ ಅಂತ, ಭಾಳ ಮಂದಿ ಗ್ರೈಂಡರ್ ಅಂತಾರ.

ಈಗ ಪ್ಲೈವುಡ್. ಚೈನ್‌ಸಾದಾಗ ಪ್ಲೈ ಕೊಯ್ಯಾಕ ಬರೂದಿಲ್ರಿ, ಅಂಚು ಹರದ ಬಿಡತೈತಿ, ಗೆರಿ ನೇರ ಬರೂದಿಲ್ಲ. ಅದಕ್ಕ ಸರ್ಕ್ಯುಲರ್ ಸಾ ಬೇಕು. ನಮ್ಮ ಕಡೆ ಎಲ್ಲಾರೂ 4 ಇಂಚಿನ ಮಾರ್ಬಲ್ ಕಟರ್‌ಗೆ 110 ಎಂಎಂ ಟಿಸಿಟಿ (ಕಾರ್ಬೈಡ್ ಹಲ್ಲಿನ) ಬ್ಲೇಡ್ ಹಾಕಿ ಪ್ಲೈ ಹೊಡಿತಾರ, ಕೆಳಗ ಬೇಸ್ ಪ್ಲೇಟ್ ಇರತೈತಿ, ಅದಕ್ಕ ಗ್ರೈಂಡರಿಗಿಂತ ಎಷ್ಟೋ ಪಾಡು, ಸೋವಿ, ಎಲ್ಲಾ ಕಡೆ ಸಿಗತೈತಿ, ಒಂದೂಕಾಲು ಇಂಚಿನ ತನಕ ಇಳಿತೈತಿ. ಆದ್ರ ಅದೂ ಮರಕ್ಕಂತ ಮಾಡಿದ್ದಲ್ಲ, ಕೆಳಗಿನ ಬ್ಲೇಡ್ ಮುಚ್ಚೂ ಗಾರ್ಡ್ ಇಲ್ಲ, ಕೊಯ್ದು ಮ್ಯಾಲೆ ಎತ್ತಿದಾಗ ಬ್ಲೇಡ್ ಬತ್ತಲ ತಿರಗತಿರತೈತಿ. ಮರದ ಸರ್ಕ್ಯುಲರ್ ಸಾದಾಗ ಎತ್ತಿದ ತಕ್ಷಣ ಸ್ಪ್ರಿಂಗ್ ಗಾರ್ಡ್ ಬಂದು ಮುಚ್ಚತೈತಿ. ಆ ಒಂದು ಗಾರ್ಡಿನ ಸಲುವಾಗಿ ನಾ ದುಡ್ಡು ಕೊಡಂತ ಹೇಳ್ತೀನಿ.

ಸಣ್ಣದು ಬೇಕಂದ್ರ ಬಾಷ್‌ನವರು ಜಿಕೆಎಸ್ 12ವಿ-26 ಅಂತ ಮಾಡ್ತಾರ, 85 ಎಂಎಂ ಬ್ಲೇಡು, 26.5 ಎಂಎಂ ಇಳಿತೈತಿ. 18 ಎಂಎಂ ಪ್ಲೈಗೆ, ಲ್ಯಾಮಿನೇಟಿಗೆ, ರೀಪರ್ ಪಟ್ಟಿಗೆ ಸಾಕು, ಒಂದು ಕೈಯಾಗ ಹಿಡಿಯೂವಷ್ಟು ಹಗುರ. ಆದ್ರ ಸಾಗವಾನಿ ಚೌಕಟ್ಟು, ಮತ್ತಿ ಪಕಾಸಿ ಹಂತಾವು ಇದರಾಗ ಆಗೂದಿಲ್ಲ. ಮತ್ತ ಒಂದ ಶೆಲ್ಫಿನ ಸಲುವಾಗಿ ಮಷೀನ ಯಾಕ ತಗೋತೀರಿ? ಪ್ಲೈ ಕೊಡೂ ಅಂಗಡ್ಯಾಗ ಅಳತಿ ಬರದು ಕೊಡ್ರಿ, ಪ್ಯಾನಲ್ ಸಾದಾಗ ಕೊಯ್ದ ಕೊಡ್ತಾರ, ಅಂಚು ಕನ್ನಡಿ ಹಂಗ ಬರತೈತಿ. ಉಳಿದ ದುಡ್ಡು ಒಳ್ಳೆ ಚೈನ್‌ಸಾಕ್ಕ ಹಾಕ್ರಿ.

ಮೂಡಿಗೆರೆ ರೋಬಸ್ಟಾ:

ಎಲ್ರಿಗೂ ಮನಸಾರೆ ಧನ್ಯವಾದ, ಇಷ್ಟು ವಿವರವಾಗಿ ಬರೀತೀರಿ ಅಂತ ಅನ್ಕೊಂಡಿರ್ಲಿಲ್ಲ. ಗ್ರೈಂಡರ್ ಯೋಚನೆ ಬಿಟ್ಟೆ, ಶೆಲ್ಫ್ ಅಂಗಡೀಲೇ ಕುಯ್ಸ್ತೀನಿ. ಅಕ್ಕ ಹೇಳಿದ ಹಾಗೆ ಬ್ಯಾಟ್ರಿ ಕತ್ತರಿ ಮೊದ್ಲು, ಅದರ ಜೊತೆ ಮಕಿಟಾ ಬ್ಯಾಟ್ರಿ ಕೂರೋ 6 ಇಂಚಿನ ಸಾ ಒಂದು ಅಂತ ತಮ್ಮನ ಹತ್ರ ಮಾತಾಡಿದೀನಿ. ಶಿರಸಿ ಸರ್, ಮಡಚೋ ಗರಗಸನೂ ಒಂದು ತಗೋತೀನಿ, ಮೆಣಸಿನ ಬಳ್ಳಿ ಹತ್ರ ಅದೇ ಬೇಕಾಗುತ್ತೆ. ಕೊನೇದಾಗಿ, ಚೈನ್‌ಗೆ ಯಾವ ಎಣ್ಣೆ ಹಾಕ್ಬೇಕು, ಹರಿತ ಮಾಡೋದು ಹೇಗೆ? ಇಲ್ಲಿ ಪೇಟೇಲಿ ಕೇಳಿದ್ರೆ ಸುಟ್ಟ ಇಂಜಿನ್ ಆಯಿಲ್ ಹಾಕಿ ಸಾಕು ಅಂದ್ರು.

ಸಕಲೇಶಪುರ ಪ್ಲಾಂಟರ್:

ಸುಟ್ಟ ಆಯಿಲ್ ಬೇಡ. ಅದ್ರಲ್ಲಿ ಲೋಹದ ಪುಡಿ, ಮಸಿ ಇರುತ್ತೆ, ಬಾರ್‌ನಲ್ಲಿ ಚೈನ್ ಓಡೋ ಸಂದು ಸವೆಸುತ್ತೆ, ಮೇಲಾಗಿ ಅದು ಚೈನಿಂದ ಹಾರಿ ಗಿಡದ ಗಾಯಕ್ಕೂ ಮಣ್ಣಿಗೂ ಬೀಳುತ್ತೆ, ನಿಮ್ಮ ಮೂಗಿಗೂ ಹೋಗುತ್ತೆ. ಬಾರ್ ಆಯಿಲ್ ಅಂತಲೇ ಸ್ಟಿಲ್ ಅಂಗಡೀಲಿ ಸಿಗುತ್ತೆ, ಅಂಟು ಜಾಸ್ತಿ ಇರೋದ್ರಿಂದ ಚೈನಲ್ಲೇ ನಿಲ್ಲುತ್ತೆ. ಕೊಬ್ಬರಿ ಎಣ್ಣೆ ಹಾಕೋರೂ ಇದಾರೆ, ನಮ್ಮ ಕಡೆ ಚಳಿಗಾಲದ ಬೆಳಗ್ಗೆ ಅದು ಗಟ್ಟಿಯಾಗಿ ತೂತು ಕಟ್ಟುತ್ತೆ, ಹಾಗಾಗಿ ಒರೆಸೋಕೆ ಮಾತ್ರ ಸಾಕು. ಕಮ್ಮಿ ರೇಟಿನ ಸಾಗಳಲ್ಲಿ ಎಣ್ಣೆ ತಾನಾಗೇ ಇಳಿಯಲ್ಲ, ಒಂದು ಗುಂಡಿ ಒತ್ಬೇಕು, ಇಲ್ಲ ಕೈಲೇ ಹನಿ ಬಿಡ್ಬೇಕು, ನಾಲ್ಕೈದು ಗಿಡಕ್ಕೊಂದ್ಸಲ ಮರೀದೇ ಹಾಕಿ. ಬಾರ್ ಮುಟ್ಟಿದ್ರೆ ಬಿಸಿ ತಾಗ್ತಿದೆ ಅಂದ್ರೆ ಎಣ್ಣೆ ಸಾಲ್ತಿಲ್ಲ ಅಂತ, ಆದ್ರೆ ಮುಟ್ಟೋ ಮುಂಚೆ ಬ್ಯಾಟ್ರಿ ತೆಗೆದು ಪಕ್ಕಕ್ಕೆ ಇಡಿ. ಚೈನ್ ಬಿಗಿ ಮಾಡೋವಾಗ, ಸಿಕ್ಕಿರೋ ಕಡ್ಡಿ ತೆಗೆಯೋವಾಗ, ಒರೆಸೋವಾಗ, ಯಾವಾಗ್ಲೂ ಮೊದ್ಲು ಬ್ಯಾಟ್ರಿ ಹೊರಗೆ, ನಿಮ್ಮ ತಮ್ಮನಿಗೂ ಇದೊಂದು ಕಡ್ಡಾಯ ಮಾಡಿ.

ಚೈನ್ ಹಾಕೋವಾಗ ಬಾರ್‌ನ ಮೇಲ್ಗಡೆ ಇರೋ ಹಲ್ಲುಗಳ ಚೂಪು ಮೂತಿ ಕಡೆಗೆ ನೋಡ್ತಿರ್ಬೇಕು, ಉಲ್ಟಾ ಹಾಕಿದ್ರೆ ಹೊಗೆ ಬರುತ್ತೆ, ಕುಯ್ಯಲ್ಲ. ಹೊಸ ಚೈನ್ ಮೊದಲ ದಿನ ಹಿಗ್ಗುತ್ತೆ, ಕಾಲು ಗಂಟೆ ಕುಯ್ದು ಮತ್ತೆ ಬಿಗಿ ನೋಡಿ, ಕೈಲಿ ಎಳೆದ್ರೆ ಸಲೀಸಾಗಿ ಸುತ್ತಬೇಕು, ಆದ್ರೆ ಕೆಳಗಡೆ ಜೋತು ಬಿದ್ದಿರ್ಬಾರ್ದು.

ಹರಿತ ಮಾಡೋಕೆ ದುಂಡನೆ ಅರ. ಮರದ ಪುಡಿ ಸಣ್ಣ ಚೂರಿನ ಥರ ಬೀಳೋದು ಬಿಟ್ಟು ಹಿಟ್ಟಿನ ಥರ ಬೀಳೋಕೆ ಶುರು ಆದ್ರೆ ಹಲ್ಲು ಮೊಂಡಾಗಿದೆ ಅಂತ. ಈ ಸಣ್ಣ ಸಾಗಳಿಗೆ ಜಾಸ್ತಿ ಕಾಲಿಂಚು ಪಿಚ್‌ನ (ಪಿಚ್ ಅಂದ್ರೆ ಕೊಂಡಿಗಳ ನಡುವಿನ ಅಳತೆ) ಚೈನ್ ಬರುತ್ತೆ, ಸ್ಟಿಲ್‌ನವರ ಸಣ್ಣ ಸಾ ಜಿಟಿಎ 26ರಲ್ಲೂ ಅದೇ, ಅದಕ್ಕೆ 3.2 ಮಿಲಿಮೀಟರ್ ಅರ. ದೊಡ್ಡ ಸಾಗೆ ತಂದಿರೋ 4 ಅಥವಾ 4.8ರ ಅರ ಹಾಕಿದ್ರೆ ಹಲ್ಲಿನ ಆಕಾರವೇ ಹೋಗುತ್ತೆ. ಒಂದೊಂದು ಹಲ್ಲಿಗೂ ಒಳಗಿಂದ ಹೊರಕ್ಕೆ ಎರಡು ಮೂರು ಸಲ ಒಂದೇ ಲೆಕ್ಕದಲ್ಲಿ ಉಜ್ಜಿ, ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ ಆದ್ರೆ ಸಾ ಓರೆ ಹೋಗುತ್ತೆ. ಚೈನ್ ತಗೊಳ್ಳೋವಾಗ ಪಿಚ್, ಗೇಜ್ (ಬಾರ್ ಸಂದಿಗೆ ಕೂರೋ ಕೊಂಡಿಯ ದಪ್ಪ), ಕೆಳಗಿನ ಡ್ರೈವ್ ಲಿಂಕ್ (ಆ ಕೊಂಡಿಗಳು) ಎಷ್ಟು ಅಂತ ಮೂರೂ ಬರೆದಿಟ್ಕೊಂಡು ಹೋಗಿ, ಹೆಸರಿಲ್ಲದ ಕಂಪನಿ ಸಾ ಆದ್ರೆ ಜೊತೆಗೆ ಹಳೇ ಚೈನ್ ಕೂಡ ಹಿಡ್ಕೊಂಡು ಹೋಗಿ, ಅಂಗಡಿಯವ್ರು ಅಳತೆ ಹಿಡಿದು ಕೊಡ್ತಾರೆ.